ಕಡಲ ನಡುವೆ ಎಂಜಿನಿಗೆ ಬಾಯಾರಿದಾಗ

ಸುತ್ತಲೂ ನೀರೇ ನೀರು. ಆದರೂ ಬೋಟಿನ ಎಂಜಿನು ನೀರು ಸಿಗದೆ ಕೆಟ್ಟು ನಿಲ್ಲುವುದುಂಟು! ದೋಣಿಯ ಹೊಟ್ಟೆಯೊಳಗಿನ ಎಂಜಿನನ್ನು ತಣ್ಣಗಿಡುವ ಕೆಲಸದಲ್ಲಿ ಶಾಲೆಯ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆಷ್ಟೋ ಅಡಗಿವೆ. ಕಡಲಿಗೆ ಹೋದವರ ಜೀವವೂ ಅದರಲ್ಲೇ ಅಡಗಿದೆ.

ಮಲ್ಪೆ ಬಂದರಿನಲ್ಲಿ ನಸುಕಿನ ಹೊತ್ತು. ದಕ್ಕೆಗೆ ಒತ್ತಿಕೊಂಡು ನಿಂತ ಬೋಟುಗಳ ಸಾಲಿನಲ್ಲಿ ಒಂದೊಂದಾಗಿ ದೀಪ ಹತ್ತಿಕೊಳ್ಳುತ್ತದೆ. ಐಸು ತುಂಬಿಯಾಗಿದೆ. ಡೀಸೆಲು, ಕುಡಿಯುವ ನೀರು, ಅಕ್ಕಿ, ತರಕಾರಿ ಎಲ್ಲ ಏರಿಯಾಗಿದೆ. ಕೆಳಗೆ ಎಂಜಿನು ಕೋಣೆಯಲ್ಲಿ ಡ್ರೈವರ್ ಎಂಜಿನು ಚಾಲೂ ಮಾಡುತ್ತಾರೆ. ಗಡಗಡ ಸದ್ದಿನೊಡನೆ ಬೋಟು ಒಮ್ಮೆ ಮೈಕೊಡವಿಕೊಳ್ಳುತ್ತದೆ. ಅದಾದ ಮೇಲೆ ಅವರು ಮಾಡುವ ಮೊದಲ ಕೆಲಸವನ್ನು ದಡದಲ್ಲಿ ನಿಂತವರು ಗಮನಿಸುವುದೇ ಇಲ್ಲ. ಅವರು ಬೋಟಿನ ಬದಿಗೆ ಬಂದು, ಬಗ್ಗಿ, ಹೊರಗೆ ಇಣುಕುತ್ತಾರೆ. ಕೊಳವೆಯಿಂದ ನೀರು ಧಾರಾಳವಾಗಿ ಹೊರಬೀಳುತ್ತಿದೆಯೆ? ಬೀಳುತ್ತಿದೆ. ಸರಿ, ಇನ್ನು ಹೊರಡಬಹುದು.

ಎರಡು ಕ್ಷಣದ ಈ ಇಣುಕುನೋಟದ ಬೆಲೆ ಏನು? ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಆಳಸಮುದ್ರದ ಬೋಟು ದಡ ಬಿಟ್ಟು ಮೂರು ದಿನವಾಗಿದೆ. ಬಲೆ ನೀರಿನಲ್ಲಿದೆ. ಎಂಜಿನು ಹಠಾತ್ತನೆ ಕಾದು, ಮುಖ್ಯ ಭಾಗಗಳು ಬಿಗಿದುಕೊಂಡು ನಿಂತುಹೋಗುತ್ತದೆ. ಲಾರಿ ಕೆಟ್ಟರೆ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಬೋಟು ಕೆಟ್ಟರೆ ನಿಲ್ಲುವುದಿಲ್ಲ, ತೇಲುತ್ತ ಹೋಗುತ್ತದೆ. ಗಾಳಿ ಎತ್ತ ಬೀಸಿದರೆ ಅತ್ತ, ಸೆಳೆತ ಎತ್ತ ಇದ್ದರೆ ಅತ್ತ. ಇನ್ನೊಂದು ಬೋಟು ತನ್ನ ಮೀನುಗಾರಿಕೆ ಬಿಟ್ಟು ಹಗ್ಗ ಕಟ್ಟಿ ಎಳೆದು ತರಬೇಕು. ಹಿಡಿದ ಮೀನು ಐಸಿನಲ್ಲಿ ಕರಗುತ್ತದೆ. ಮಾಲೀಕರ ಸಾಲ, ಕಲಾಸಿಗಳ ಪಾಲು, ಮನೆಯ ಮಕ್ಕಳ ಶಾಲೆಯ ಫೀಸು ಎಲ್ಲವೂ ಆ ಒಂದು ಎಂಜಿನಿನ ಜತೆಗೆ ನಿಲ್ಲುತ್ತದೆ. ಇಷ್ಟಕ್ಕೆಲ್ಲ ಕಾರಣ, ಎಷ್ಟೋ ಸಲ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ರಬ್ಬರಿನ ಚಕ್ರ ಒಂದು!

ಹಾಯಿ ಹೋಯಿತು, ಬಿಸಿ ಬಂತು

ಈ ಕರಾವಳಿಗೆ ಕಡಲಯಾನ ಹೊಸತಲ್ಲ. ಬಾರಕೂರು, ಬಸರೂರು, ಹಂಗಾರಕಟ್ಟೆಗಳ ಹೆಸರು ಕೇಳದವರಿಲ್ಲ. ಪತ್ತೆಮಾರಿ, ಮಚ್ವೆಗಳು ಹಾಯಿ ಬಿಚ್ಚಿ ಅಕ್ಕಿ, ಹೆಂಚುಗಳನ್ನು ದೂರದ ಊರುಗಳಿಗೆ ಒಯ್ಯುತ್ತಿದ್ದ ಕಾಲವೊಂದಿತ್ತು. ಹಾಯಿಗೆ ಗಾಳಿಯ ಕೊರತೆಯಿರಬಹುದು, ಬಿಸಿಯ ಕಾಟವಿಲ್ಲ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಮೀನುಗಾರಿಕೆಗೆ ಯಂತ್ರ ಬಂತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳೂ ಬಂದವು. ದೋಣಿ ಗಾಳಿಯ ಹಂಗು ಬಿಟ್ಟಿತು, ಬದಲಿಗೆ ಎಂಜಿನಿನ ಹಂಗಿಗೆ ಬಿತ್ತು.

ಕಾಪು ಕಡಲತೀರದಲ್ಲಿ ನಾಡದೋಣಿಗಳನ್ನು ಕಂಡವರಿಗೆ ಅವುಗಳ ಹಿಂಬದಿಗೆ ನೇತುಹಾಕಿದ ಪುಟ್ಟ ಎಂಜಿನಿನ ಪರಿಚಯವಿರುತ್ತದೆ. ಅದು ಔಟ್‌ಬೋರ್ಡ್, ಅಂದರೆ ದೋಣಿಯ ಹೊರಗಿರುವ ಎಂಜಿನು. ಕೆಟ್ಟರೆ ಕಳಚಿ ಹೆಗಲ ಮೇಲೆ ಹೊತ್ತುಕೊಂಡು ಗ್ಯಾರೇಜಿಗೆ ಒಯ್ಯಬಹುದು. ಮಲ್ಪೆಯ ದೊಡ್ಡ ಬೋಟುಗಳದು ಹಾಗಲ್ಲ. ಅವುಗಳ ಎಂಜಿನು ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಗಾಳಿಯಾಡದ ಇಕ್ಕಟ್ಟು ಕೋಣೆಯಲ್ಲಿ ಭದ್ರವಾಗಿ ಕೂತಿರುತ್ತದೆ. ಇದು ಇನ್‌ಬೋರ್ಡ್.

ಮೋಜಿಗೆ, ಸಾಹಸಕ್ಕೆ ಹೋಗುವ ಈ ಕಾಲದ ಹಾಯಿದೋಣಿಗಳಲ್ಲೂ ಇಂಥದೇ ಪುಟ್ಟ ಡೀಸೆಲ್ ಎಂಜಿನು ಇರುತ್ತದೆ. 2017-18ರಲ್ಲಿ ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಗೋವೆಯಿಂದ ಹೊರಟು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದದ್ದು ಹಲವರಿಗೆ ನೆನಪಿರಬಹುದು. ಸಾಗರದಲ್ಲಿ ಗಾಳಿಯನ್ನು ನಂಬಿ ಹೋಗುವ ಇಂಥ ದೋಣಿಗಳಿಗೂ ಇಕ್ಕಟ್ಟಾದ ಬಂದರು ಹೊಗುವಾಗ, ಗಾಳಿ ಬಿದ್ದಾಗ ಎಂಜಿನು ಬೇಕೇ ಬೇಕು. ಹಾಯಿದೋಣಿಯ ಇಪ್ಪತ್ತು ಕುದುರೆ ಶಕ್ತಿಯ ಎಂಜಿನಿರಲಿ, ಮಲ್ಪೆಯ ಬೋಟಿನ ನೂರಾರು ಕುದುರೆ ಶಕ್ತಿಯ ಎಂಜಿನಿರಲಿ, ತಣ್ಣಗಿಡುವ ವಿದ್ಯೆ ಒಂದೇ.

ಐದಾರು ಸೆಕೆಂಡಿಗೊಂದು ಕೊಡಪಾನ

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಎಂಜಿನು ಇಂಧನದ ಶಕ್ತಿಯಲ್ಲಿ ಸುಮಾರು ಶೇಕಡಾ 26ರಷ್ಟನ್ನು ಕೆಲಸಕ್ಕೆ ತಿರುಗಿಸಿತು. ಆ ಕಾಲಕ್ಕೆ ಅದೇ ದೊಡ್ಡ ಸಾಧನೆ. ಇಂದಿನ ಎಂಜಿನುಗಳು ಇನ್ನೂ ಮುಂದೆ ಹೋಗಿವೆ. ಆದರೂ ಲೆಕ್ಕ ಸ್ಥೂಲವಾಗಿ ಹೀಗೇ ಇದೆ: ಸುಟ್ಟ ಡೀಸೆಲಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಬೋಟನ್ನು ನಡೆಸುತ್ತದೆ, ಇನ್ನೊಂದು ಪಾಲು ಹೊಗೆಯ ಜತೆ ಹೋಗುತ್ತದೆ, ಮತ್ತೊಂದು ಪಾಲು ಬಿಸಿಯಾಗಿ ಎಂಜಿನಿನ ಮೈಯಲ್ಲೇ ಉಳಿಯುತ್ತದೆ. ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಉಷ್ಣಾಂಶ 2000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲುದು. ಪಿಸ್ಟನ್ ಮಾಡುವ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ! ಅಂದ ಮೇಲೆ ಬಿಸಿಯನ್ನು ಹೊರಗೆ ಸಾಗಿಸದೆ ಎಂಜಿನು ಉಳಿಯುವುದುಂಟೆ?

ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕಾರ್ಕಳ ಸಮೀಪದ ನಿಟ್ಟೆಯ ಕಾಲೇಜಿನಲ್ಲೋ ಮೆಕ್ಯಾನಿಕಲ್ ಓದುವವರಿಗೆ ಈ ಲೆಕ್ಕ ಕಷ್ಟದ್ದಲ್ಲ, ಪಿಯುಸಿಯವರೂ ಮಾಡಬಹುದು. 100 ಕುದುರೆ ಶಕ್ತಿ ಎಂದರೆ ಸುಮಾರು 75 ಕಿಲೋವ್ಯಾಟ್. ಹೆಚ್ಚುಕಡಿಮೆ ಅಷ್ಟೇ ಬಿಸಿ ತಣಿಸುವ ನೀರಿಗೂ ಸೇರುತ್ತದೆ ಎಂದಿಟ್ಟುಕೊಳ್ಳೋಣ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯ ಮಟ್ಟಕ್ಕೆ ತರಲು ಬೇಕಾದದ್ದು ಸುಮಾರು 294 ಕಿಲೋಜೂಲ್. ಅಂದರೆ ಈ ಎಂಜಿನು ನಾಲ್ಕು ಸೆಕೆಂಡಿಗೊಂದು ಲೀಟರ್ ನೀರನ್ನು ಕುದಿಬರಿಸುವಷ್ಟು ಬಿಸಿಯನ್ನು ಸುಮ್ಮನೆ ಹೊರಹಾಕುತ್ತಿದೆ! ಸಮುದ್ರದ ನೀರನ್ನು ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಲು ಬಿಡದೆ ಇದನ್ನು ಸಾಗಿಸಬೇಕಾದರೆ ಸೆಕೆಂಡಿಗೆ ಸುಮಾರು ಎರಡು ಲೀಟರ್ ನೀರು ಹರಿಯಬೇಕು. ಐದಾರು ಸೆಕೆಂಡಿಗೊಂದು ಕೊಡಪಾನ ಎನ್ನಿ. ಹಗಲೂ ರಾತ್ರಿ, ಹತ್ತು ದಿನ, ಬಿಡುವಿಲ್ಲದೆ.

ಕಾರ್ಕಳದಿಂದ ಮಾಳ ಘಾಟಿ ಹತ್ತಿ ಕುದುರೆಮುಖದತ್ತ ಹೋಗುವ ಹಳೆಯ ಬಸ್ಸುಗಳಲ್ಲಿ ಕೂತವರಿಗೆ ಒಂದು ದೃಶ್ಯ ಪರಿಚಿತ. ಏರಿನ ನಡುವೆ ಬಸ್ಸು ನಿಲ್ಲುತ್ತಿತ್ತು. ಕ್ಲೀನರ್ ಡಬ್ಬಿ ಹಿಡಿದು ತೊರೆಗೆ ಓಡುತ್ತಿದ್ದ. ಮುಂಭಾಗದಿಂದ ಆವಿ ಏಳುತ್ತಿತ್ತು. ಬಸ್ಸಿನ ರೇಡಿಯೇಟರ್ ಬಿಸಿಯನ್ನು ಗಾಳಿಗೆ ಕೊಡುತ್ತದೆ. ಕಡಲಿನ ಬೋಟುಗಳಲ್ಲಿ ಲಾರಿ, ಬಸ್ಸುಗಳ ಎಂಜಿನನ್ನೇ ನೀರಿಗೆ ಒಗ್ಗಿಸಿ ಕೂರಿಸುವುದು ನಮ್ಮ ದೇಶದಲ್ಲಿ ಸಾಮಾನ್ಯ. ಆದರೆ ಬೋಟಿನ ಹೊಟ್ಟೆಯೊಳಗೆ ಎದುರುಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಗಾಳಿಯ ಕೆಲಸವನ್ನು ಸಮುದ್ರ ಮಾಡುತ್ತದೆ. ಒಂದು ಲೀಟರ್ ಗಾಳಿಗಿಂತ ಒಂದು ಲೀಟರ್ ನೀರು ಸುಮಾರು ಮೂರೂವರೆ ಸಾವಿರ ಪಟ್ಟು ಹೆಚ್ಚು ಬಿಸಿಯನ್ನು ಹೊರಬಲ್ಲುದು. ಹೀಗಾಗಿ ಕಡಲಿಗಿಂತ ಒಳ್ಳೆಯ ರೇಡಿಯೇಟರ್ ಇಲ್ಲ. ತೊಡಕು ಒಂದೇ, ಆ ನೀರು ಉಪ್ಪು.

ಎರಡು ನೀರು, ಒಂದು ಗೋಡೆ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇದನ್ನೇ ನೇರವಾಗಿ ಎಂಜಿನಿನ ಒಳಗೆ ಹರಿಸಿದರೆ ಕಬ್ಬಿಣ ತುಕ್ಕು ಹಿಡಿಯುವುದು ಒಂದು ಕಷ್ಟ. ನೀರು ಸುಮಾರು 60 ಡಿಗ್ರಿ ದಾಟಿದರೆ ಅದರಲ್ಲಿ ಕರಗಿರುವ ಕೆಲವು ಲವಣಗಳು ಹರಳುಗಟ್ಟಿ ಕೊಳವೆಗೆ ಅಂಟಿಕೊಳ್ಳತೊಡಗುವುದು ಇನ್ನೊಂದು. ಸ್ನಾನದ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದಿಲ್ಲವೆ, ಹಾಗೆ. ಹಳೆಯ ಸಣ್ಣ ಎಂಜಿನುಗಳಲ್ಲಿ ಹೀಗೆ ನೇರವಾಗಿ ಉಪ್ಪುನೀರು ಹರಿಸುವ ಪದ್ಧತಿಯಿತ್ತು. ಅಂಥವನ್ನು ತೀರ ಬಿಸಿಯಾಗಲು ಬಿಡುತ್ತಿರಲಿಲ್ಲ. ಆದರೆ ಎಂಜಿನು ಚೆನ್ನಾಗಿ ಉರಿದು ಕೆಲಸ ಮಾಡಲು 80ರಿಂದ 90 ಡಿಗ್ರಿಯ ಬಿಸಿ ಬೇಕು.

ಇದಕ್ಕೆ ಕಂಡುಕೊಂಡ ಉಪಾಯ ಎರಡು ನೀರಿನ ಪದ್ಧತಿ. ಎಂಜಿನಿನ ಒಳಗೆ ಸಿಹಿನೀರು ಸುತ್ತುತ್ತಿರುತ್ತದೆ. ಅದು ಹೊರಗೆ ಹೋಗುವುದೇ ಇಲ್ಲ. ಬೋಟಿನ ಅಡಿಯ ತೂತಿನಿಂದ ಪಂಪು ಎಳೆದುಕೊಂಡ ಉಪ್ಪುನೀರು ಇನ್ನೊಂದು ದಾರಿಯಲ್ಲಿ ಬರುತ್ತದೆ. ಎರಡೂ ಒಂದು ಉರುಟು ಪೆಟ್ಟಿಗೆಯಲ್ಲಿ ಸಂಧಿಸುತ್ತವೆ, ಆದರೆ ಬೆರೆಯುವುದಿಲ್ಲ. ಪೆಟ್ಟಿಗೆಯೊಳಗೆ ಸಾಲಾಗಿ ಸಣ್ಣ ಕೊಳವೆಗಳು. ಕೊಳವೆಯ ಒಳಗೆ ಉಪ್ಪುನೀರು, ಸುತ್ತ ಸಿಹಿನೀರು. ತೆಳು ಲೋಹದ ಗೋಡೆಯ ಮೂಲಕ ಬಿಸಿ ಮಾತ್ರ ದಾಟುತ್ತದೆ. ಬಿಸಿಹಾಲಿನ ಪಾತ್ರೆಯನ್ನು ತಣ್ಣೀರ ಬೋಗುಣಿಯಲ್ಲಿಟ್ಟು ಆರಿಸುವ ಅಮ್ಮಂದಿರಿಗೆ ಈ ತತ್ವ ಹೇಳಿಕೊಡಬೇಕಾಗಿಲ್ಲ. ಎಂಜಿನಿಯರರು ಇದನ್ನು ಹೀಟ್ ಎಕ್ಸ್‌ಚೇಂಜರ್ ಎನ್ನುತ್ತಾರೆ. ಕೆಲಸ ಮುಗಿಸಿದ ಉಪ್ಪುನೀರು ಹೊರಕ್ಕೆ ಹೋಗುತ್ತದೆ. ಹಲವು ಬೋಟುಗಳಲ್ಲಿ, ಹಾಯಿದೋಣಿಗಳಲ್ಲಂತೂ, ಅದನ್ನು ಹೊಗೆಕೊಳವೆಗೇ ಬಿಟ್ಟು ಹೊಗೆಯನ್ನೂ ತಣ್ಣಗೆ ಮಾಡಿ ಹೊರಬಿಡುತ್ತಾರೆ. ನಸುಕಿನಲ್ಲಿ ಡ್ರೈವರ್ ಬಗ್ಗಿ ನೋಡಿದ್ದು ಈ ನೀರನ್ನೇ.

ಇನ್ನೊಂದು ಪದ್ಧತಿಯೂ ಇದೆ. ಸಿಹಿನೀರಿನ ಕೊಳವೆಯನ್ನೇ ಬೋಟಿನ ಅಡಿಯಲ್ಲಿ ಹೊರಗೆ ಹಾಯಿಸಿ ಒಳಗೆ ತರುವುದು. ಇದಕ್ಕೆ ಕೀಲ್ ಕೂಲಿಂಗ್ ಎಂದು ಹೆಸರು. ಉಪ್ಪುನೀರು ಒಳಗೆ ಬರುವುದೇ ಇಲ್ಲವಾದ್ದರಿಂದ ಕೆಸರು, ಕಸದ ಕಾಟ ಕಡಿಮೆ. ಆದರೆ ಕೊಳವೆಯ ಮೇಲೆ ಚಿಪ್ಪು ಬೆಳೆದರೆ, ತಳ ಉಜ್ಜಿದಾಗ ಪೆಟ್ಟಾದರೆ ತೊಂದರೆ.

ಅಂಗೈಯಗಲದ ರಬ್ಬರು

ಉಪ್ಪುನೀರನ್ನು ಎಳೆಯುವ ಪಂಪಿನ ಒಳಗೆ ಹೂವಿನ ಎಸಳುಗಳಂತೆ ರೆಕ್ಕೆಗಳಿರುವ ಒಂದು ರಬ್ಬರಿನ ಚಕ್ರವಿದೆ. ಹೆಸರು ಇಂಪೆಲರ್. ಪಂಪಿನ ಒಂದು ಬದಿ ಇಕ್ಕಟ್ಟು. ಅಲ್ಲಿಗೆ ಬಂದಾಗ ರೆಕ್ಕೆ ಬಾಗುತ್ತದೆ, ದಾಟಿದಾಗ ನೆಟ್ಟಗಾಗುತ್ತದೆ. ಈ ಬಾಗು-ನೆಟ್ಟಗುಗಳಲ್ಲೇ ನೀರು ಎಳೆದು ದೂಡಲ್ಪಡುತ್ತದೆ. ಎಂಜಿನು ಸುತ್ತಿದಷ್ಟೂ ಹೊತ್ತು ಇದಕ್ಕೆ ಬಿಡುವಿಲ್ಲ.

ಈ ರಬ್ಬರಿಗೆ ನೀರೇ ಎಣ್ಣೆ. ನೀರಿಲ್ಲದೆ ತಿರುಗಿದರೆ ಉಜ್ಜಿ, ಕಾದು, ಒಂದೆರಡು ನಿಮಿಷದೊಳಗೇ ರೆಕ್ಕೆಗಳು ಹರಿಯಬಹುದು. ನೀರು ಬರುವ ವಾಲ್ವನ್ನು ತೆರೆಯಲು ಮರೆತು ಎಂಜಿನು ಚಾಲೂ ಮಾಡಿದರೆ ಸಾಕು! ಅದಕ್ಕಾಗಿ ತಿಳಿದವರು ವಾಲ್ವ್ ಮುಚ್ಚಿದಾಗ ಎಂಜಿನಿನ ಕೀಯನ್ನೇ ತೆಗೆದು ವಾಲ್ವಿನ ಹಿಡಿಗೆ ನೇತುಹಾಕಿಬಿಡುತ್ತಾರೆ. ವಾಲ್ವ್ ತೆರೆಯದೆ ಕೀ ಸಿಗದು, ಕೀ ಸಿಗದೆ ಎಂಜಿನು ಹೊರಡದು. ಪುಟ್ಟ ಉಪಾಯ, ದೊಡ್ಡ ರಕ್ಷಣೆ.

ಇಂಪೆಲರ್ ಹರಿದರೆ ಹೊಸದು ಹಾಕಿದರಾಯಿತು ಎಂದುಕೊಳ್ಳಬೇಡಿ. ಹರಿದ ತುಣುಕುಗಳು ಎಲ್ಲಿ ಹೋದವು? ನೀರಿನ ಜತೆ ಮುಂದಕ್ಕೆ ಸಾಗಿ ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳ ಬಾಯಿಗೆ ಸಿಕ್ಕಿಕೊಂಡಿರುತ್ತವೆ. ಆದ್ದರಿಂದ ಹಳೆಯ ಚಕ್ರ ತೆಗೆದಾಗ ಅದರ ರೆಕ್ಕೆಗಳನ್ನು ಎಣಿಸಬೇಕು. ಎಷ್ಟು ಕಡಿಮೆಯಿದೆಯೋ ಅಷ್ಟೂ ತುಣುಕುಗಳನ್ನು ಹುಡುಕಿ ತೆಗೆಯಬೇಕು. ಹೊಸ ಚಕ್ರ ಹಾಕಿದ ಮರುದಿನವೇ ಎಂಜಿನು ಮತ್ತೆ ಕಾದರೆ ಅಪರಾಧಿ ಸಾಮಾನ್ಯವಾಗಿ ಈ ತುಣುಕೇ. ಬಹುಕಾಲ ನಿಂತ ಎಂಜಿನಿನಲ್ಲಿ ಬಾಗಿದ ರೆಕ್ಕೆ ಬಾಗಿದಂತೆಯೇ ಗಟ್ಟಿಯಾಗಿಬಿಡುವುದೂ ಉಂಟು. ಅದಕ್ಕೇ ಹರಿಯದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ. ಎಂಜಿನಿನ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ. ಬೋಟಿನಲ್ಲಿ ಒಂದು ಹೆಚ್ಚಿನ ಇಂಪೆಲರ್, ಒಂದು ಹೆಚ್ಚಿನ ಬೆಲ್ಟು ಇರಲೇಬೇಕು.

ಸವೆಯಲೆಂದೇ ಹುಟ್ಟಿದ ಲೋಹ

ಎರಡು ಬೇರೆ ಬೇರೆ ಲೋಹಗಳನ್ನು ಉಪ್ಪುನೀರಿನಲ್ಲಿ ಅದ್ದಿ ತಂತಿಯಿಂದ ಜೋಡಿಸಿದರೆ ವಿದ್ಯುತ್ ಹರಿಯುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನಿಂಬೆಹಣ್ಣಿಗೆ ತಾಮ್ರ, ಸತುಗಳನ್ನು ಚುಚ್ಚಿ ಮಾಡಿ ತೋರಿಸುವ ಬ್ಯಾಟರಿಯೂ ಇದೇ. ಬೋಟಿನ ಎಂಜಿನಿನಲ್ಲಿ ಕಬ್ಬಿಣವಿದೆ, ತಾಮ್ರವಿದೆ, ಕಂಚಿದೆ, ಅಲ್ಯೂಮಿನಿಯಂ ಇದೆ, ನಡುವೆ ಉಪ್ಪುನೀರು. ಅಂದರೆ ಬೋಟಿನೊಳಗೆ ನಮ್ಮ ಅರಿವಿಲ್ಲದೆಯೇ ಒಂದು ಬ್ಯಾಟರಿ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ಬೆಲೆ ತೆರುವುದು ಜೋಡಿಯಲ್ಲಿ ದುರ್ಬಲವಾದ ಲೋಹ. ಅದು ಕರಗುತ್ತ ಹೋಗುತ್ತದೆ.

ಇದರಿಂದ ಪಾರಾಗಲು ಹೀಟ್ ಎಕ್ಸ್‌ಚೇಂಜರಿನಲ್ಲಿ ಪೆನ್ಸಿಲಿನಂಥ ಒಂದು ಸತುವಿನ ಕಡ್ಡಿಯನ್ನು ತಿರುಪಿ ಕೂರಿಸುತ್ತಾರೆ. ಉಳಿದೆಲ್ಲ ಲೋಹಗಳಿಗಿಂತ ಸತು ಬೇಗ ಕರಗುವುದರಿಂದ ತಾನು ಸವೆದು ಉಳಿದವನ್ನು ಕಾಯುತ್ತದೆ. ದೀಪದ ಬತ್ತಿಯ ಹಾಗೆ ಸವೆಯುವುದೇ ಅದರ ಧರ್ಮ. ಅರ್ಧದಷ್ಟು ಸವೆದಾಗ ಬದಲಿಸಬೇಕು; ಅದಕ್ಕೆ ಬಣ್ಣ ಬಳಿಯಬಾರದು. ಹಲವು ತಿಂಗಳಾದರೂ ಕಡ್ಡಿ ಸವೆದೇ ಇಲ್ಲವೆಂದು ಖುಷಿಪಡಬೇಡಿ. ಅದು ಸರಿಯಾಗಿ ತಾಗಿಲ್ಲ, ಸವೆಯುತ್ತಿರುವುದು ಬೇರೇನೋ ಎಂದು ಅರ್ಥವಾಗಬಹುದು!

ಈ ಉಪಾಯಕ್ಕೆ ಇನ್ನೂರು ವರ್ಷ ದಾಟಿದೆ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸವೆಯದಂತೆ ಸತು, ಕಬ್ಬಿಣಗಳ ತುಂಡುಗಳನ್ನು ಜೋಡಿಸಿ ನೋಡಿದ. ತಾಮ್ರ ಉಳಿಯಿತು. ಆದರೆ ಒಂದು ಎಡವಟ್ಟಾಯಿತು. ಕರಗುವ ತಾಮ್ರ ವಿಷವಾಗಿ ಚಿಪ್ಪುಜೀವಿಗಳನ್ನು ದೂರವಿಡುತ್ತಿತ್ತು. ಈಗ ತಾಮ್ರ ಕರಗುವುದು ನಿಂತದ್ದರಿಂದ ಅವು ತಳಕ್ಕೆ ಮೆತ್ತಿಕೊಂಡು ಹಡಗಿನ ವೇಗವೇ ತಗ್ಗಿತು! ವಿಜ್ಞಾನದಲ್ಲಿ ಒಂದು ಕಷ್ಟ ಬಿಡಿಸಿದಾಗ ಇನ್ನೊಂದು ಎದುರಾಗುವುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ದಡದಿಂದ ಹೋದ ಕಸ

ಮಲ್ಪೆ ಬಂದರು ಇರುವುದು ಉದ್ಯಾವರ ಹೊಳೆ ಕಡಲಿಗೆ ಸೇರುವಲ್ಲಿ. ಹೊಳೆ ತರುವ ಹೂಳು, ಮರಳು, ಎಲೆ, ಕಡ್ಡಿ ಎಲ್ಲ ಅಲ್ಲಿ ಸೇರುತ್ತದೆ. ನೀರಿಳಿದ ಹೊತ್ತಿನಲ್ಲಿ ಬೋಟಿನ ತಳ ಕೆಸರಿಗೆ ಹತ್ತಿರವಾದಾಗ ಪಂಪು ನೀರಿನ ಜತೆಗೆ ಮರಳನ್ನೂ ಹೀರುತ್ತದೆ. ಮರಳು ಇಂಪೆಲರನ್ನು ಅರೆಯುತ್ತದೆ. ಕಸ ತಡೆಯಲೆಂದೇ ಪಂಪಿನ ಮೊದಲು ಒಂದು ಜಾಲರಿ ಡಬ್ಬಿ ಇರುತ್ತದೆ. ಮನೆಯಲ್ಲಿ ಚಹಾ ಸೋಸುವ ಜಾಲರಿಯನ್ನು ಪ್ರತಿ ಸಲ ತೊಳೆಯುವಂತೆ ಅದನ್ನೂ ತೆಗೆದು ತೊಳೆಯುತ್ತಿರಬೇಕು.

ಹಳೆಯ ವೈರಿಗಳಾದ ಹೂಳು, ಚಿಪ್ಪುಗಳ ಜತೆಗೆ ಈಗ ಪ್ಲಾಸ್ಟಿಕ್ ಸೇರಿಕೊಂಡಿದೆ. ಅಂಗಡಿಯಿಂದ ತಂದ ತೆಳ್ಳನೆಯ ಚೀಲ ತೋಡು, ಹೊಳೆ ದಾಟಿ ಕಡಲು ಸೇರುತ್ತದೆ. ತೇಲಿ ಬಂದ ಚೀಲವನ್ನು ಬೋಟಿನ ಅಡಿಯ ತೂತು ಎಳೆದುಕೊಂಡರೆ, ಬಾಯಿಗೆ ಬಟ್ಟೆ ತುರುಕಿದಂತೆಯೇ. ಎಂಜಿನು ನಿಲ್ಲಿಸಿದಾಗ ಎಳೆತ ನಿಂತು ಚೀಲ ತಾನಾಗಿ ಕಳಚಿಕೊಳ್ಳುವುದೂ ಉಂಟು. ಮತ್ತೆ ಚಾಲೂ ಮಾಡಿದರೆ ಎಲ್ಲ ಸರಿ! ಏನಾಗಿತ್ತೆಂದು ತಿಳಿಯದೆ ಡ್ರೈವರ್ ತಲೆಕೆಡಿಸಿಕೊಳ್ಳುತ್ತಾರೆ. ಉಡುಪಿಯ ರಸ್ತೆ ಬದಿಯಲ್ಲಿ ಎಸೆದ ಚೀಲವೊಂದು ಅರಬ್ಬಿ ಸಮುದ್ರದ ನಡುವೆ ಒಂದು ಎಂಜಿನನ್ನು ನಿಲ್ಲಿಸಬಲ್ಲುದು ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ಹೆತ್ತವರೇ.

ಸಿಹಿನೀರಿಗೂ ಆರೈಕೆ ಬೇಕು

ಒಳಗೆ ಸುತ್ತುವ ನೀರು ಸಿಹಿನೀರು ತಾನೆ, ಬಾವಿಯಿಂದ ಒಂದು ಕೊಡ ತಂದು ಸುರಿದರಾಯಿತು ಎನ್ನುವವರಿದ್ದಾರೆ. ಬಾವಿಯ ನೀರಿನಲ್ಲೂ ಲವಣಗಳಿವೆ. ಕಡಲಂಚಿನ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದೂ ಇದೆ. ಶುದ್ಧೀಕರಿಸಿದ ನೀರಿಗೆ ಎಂಜಿನು ಕಂಪೆನಿ ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಬೆರೆಸಬೇಕು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಕೂಲೆಂಟ್ ಏಕೆ ಎಂದು ಕೇಳಬಹುದು. ಅದರಲ್ಲಿ ತುಕ್ಕು ತಡೆಯುವ ವಸ್ತುಗಳಿವೆ, ಕುದಿಯುವ ಮಟ್ಟವನ್ನೂ ಅದು ಏರಿಸುತ್ತದೆ. ಆ ಗುಣ ಕಾಲಕ್ರಮದಲ್ಲಿ ಕುಂದುವುದರಿಂದ ಕಂಪೆನಿ ಹೇಳಿದ ಅವಧಿಗೆ ಪೂರ್ತಿ ಬದಲಿಸಬೇಕು.

ಈ ನೀರಿನ ತೊಟ್ಟಿಯ ಮುಚ್ಚಳ ಪ್ರೆಶರ್ ಕುಕ್ಕರಿನ ತಮ್ಮನಿದ್ದಂತೆ. ಒಳಗಿನ ಒತ್ತಡ ವಾತಾವರಣದ ಒಂದೂವರೆ ಪಟ್ಟು ಆದರೆ ನೀರು 100 ಡಿಗ್ರಿಗೆ ಬದಲು ಸುಮಾರು 111 ಡಿಗ್ರಿಯಲ್ಲಿ ಕುದಿಯುತ್ತದೆ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದು, ನೀರು ಒಮ್ಮೆಗೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಮುಚ್ಚಳವನ್ನು ಯಾರಾದರೂ ಉರಿಯ ಮೇಲಿರುವಾಗ ತೆರೆಯುತ್ತಾರೆಯೆ?

ಇನ್ನೊಂದು ಕೆಟ್ಟ ರೂಢಿಯೆಂದರೆ, ಎಂಜಿನು ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಎಸೆಯುವುದು. ನೀರು ತಕ್ಕಷ್ಟು ಬಿಸಿಯಾದ ಮೇಲೆ ಮಾತ್ರ ದಾರಿ ಬಿಡುವ ಪುಟ್ಟ ಬಾಗಿಲು ಅದು. ಅದಿಲ್ಲದಿದ್ದರೆ ಎಂಜಿನು ಬೇಕಾದ ಬಿಸಿಗೆ ಬರುವುದೇ ಇಲ್ಲ. ಡೀಸೆಲು ಹೆಚ್ಚು ಉರಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಜ್ವರ ಬಂತೆಂದು ಥರ್ಮಾಮೀಟರು ಒಡೆದರೆ ಜ್ವರ ಬಿಡುವುದುಂಟೆ?

ಮುಳ್ಳು ಹೇಳುವ ಮಾತು

ಒಳ್ಳೆಯ ವೈದ್ಯರು ಮದ್ದು ಕೊಡುವ ಮೊದಲು ಕೇಳುತ್ತಾರೆ, ನೋಡುತ್ತಾರೆ. ಎಂಜಿನಿನ ವಿಷಯದಲ್ಲೂ ಅಷ್ಟೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಏರಿದಾಗ ಮೊದಲು ವೇಗ ತಗ್ಗಿಸಿ, ಬದಿಗೆ ಹೋಗಿ ಇಣುಕಬೇಕು. ನೀರು ಹೊರಬೀಳುತ್ತಿಲ್ಲ ಎಂದಾದರೆ ದೋಷ ಉಪ್ಪುನೀರಿನ ದಾರಿಯಲ್ಲಿದೆ: ಮುಚ್ಚಿದ ವಾಲ್ವ್, ಪ್ಲಾಸ್ಟಿಕ್, ಕಟ್ಟಿದ ಜಾಲರಿ, ಹರಿದ ಇಂಪೆಲರ್, ತುಂಡಾದ ಬೆಲ್ಟು. ಕೂಡಲೇ ಎಂಜಿನು ನಿಲ್ಲಿಸಿ ಒಂದೊಂದಾಗಿ ನೋಡಬೇಕು. ನೀರು ಚೆನ್ನಾಗಿ ಬೀಳುತ್ತಿದ್ದೂ ಮುಳ್ಳು ಏರುತ್ತಿದ್ದರೆ ಸಿಹಿನೀರಿನ ಕಡೆ ಹುಡುಕಬೇಕು: ನೀರು ಸೋರಿ ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು.

ಹಠಾತ್ ಏರಿಕೆ ಹಠಾತ್ ಅಪಘಾತದ ಗುರುತು. ತಿಂಗಳಿಗೆ ಒಂದೆರಡು ಡಿಗ್ರಿಯಂತೆ ಮೆಲ್ಲಗೆ ಏರುತ್ತ ಬಂದರೆ ಕೊಳವೆಗಳಲ್ಲಿ ಪದರ ಕಟ್ಟುತ್ತಿದೆ ಎಂದರ್ಥ. ನಿಧಾನವಾಗಿ ಹೋದಾಗ ಸರಿಯಿದ್ದು, ಪೂರ್ಣ ವೇಗದಲ್ಲಿ ಮಾತ್ರ ಕಾದರೂ ಅದೇ ಸಂಶಯ. ಎಂಜಿನಿನ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ ಎಣ್ಣೆಗೆ ನೀರು ಸೇರಿದೆ. ಮತ್ತೆ ಚಾಲೂ ಮಾಡುವ ಸಾಹಸ ಬೇಡ. ಕಾದ ಎಂಜಿನಿಗೆ ತಣ್ಣೀರು ಸುರಿಯುವ ಆತುರವೂ ಬೇಡ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೋ ಕಬ್ಬಿಣಕ್ಕೂ ಅದೇ ಗತಿಯಾದೀತು. ಎಂಜಿನು ಕೈಕೊಟ್ಟಿತು ಎಂದು ಖಚಿತವಾದರೆ ಸಂಕೋಚಪಡದೆ ವೈರ್‌ಲೆಸ್ಸಿನಲ್ಲಿ ಸುತ್ತಲಿನ ಬೋಟುಗಳಿಗೆ ತಿಳಿಸಬೇಕು. ತಟರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ದೂರವಾಣಿ ಸಂಖ್ಯೆಗಳು ಮನೆಯವರಿಗೂ ಗೊತ್ತಿರಬೇಕು.

ಮಳೆಗಾಲದ ಎರಡು ತಿಂಗಳು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿಗೆ ಮರಿ ಮಾಡಲು ಬಿಡುವು, ಎಂಜಿನಿಗೆ ಆಸ್ಪತ್ರೆ. ಮಳೆಗಾಲಕ್ಕೆ ಎಂಜಿನು ನಿಲ್ಲಿಸುವ ಮೊದಲು ಉಪ್ಪುನೀರಿನ ದಾರಿಯಲ್ಲಿ ಸಿಹಿನೀರು ಹಾಯಿಸಿ ತೊಳೆಯುವುದು ಮೊದಲ ಕೆಲಸ. ಉಪ್ಪು ಒಳಗೇ ಒಣಗಿದರೆ ಎರಡು ತಿಂಗಳಲ್ಲಿ ಕಲ್ಲಾಗುತ್ತದೆ. ಆಮೇಲೆ ಹೀಟ್ ಎಕ್ಸ್‌ಚೇಂಜರ್ ಬಿಚ್ಚಿ ಕೊಳವೆಗಳನ್ನು ಒಂದೊಂದಾಗಿ ಶುದ್ಧಗೊಳಿಸುವುದು. ಪದರ ಕರಗಿಸಲು ಕಂಡ ಆಸಿಡ್ ಸುರಿಯುವವರಿದ್ದಾರೆ. ಅದು ಪದರದ ಜತೆಗೆ ಅಲ್ಯೂಮಿನಿಯಂ ಭಾಗಗಳನ್ನೂ ತಿನ್ನುತ್ತದೆ. ಕಂಪೆನಿ ಹೇಳಿದ ದ್ರಾವಣವನ್ನಷ್ಟೇ ಬಳಸಬೇಕು. ಇಂಪೆಲರನ್ನು ಹೊರತೆಗೆದು ಇಡುವುದು, ಸತುವಿನ ಕಡ್ಡಿ ಬದಲಿಸುವುದು, ರಬ್ಬರ್ ಕೊಳವೆಗಳನ್ನು ಒತ್ತಿ ನೋಡುವುದು, ಸವೆದ ಕ್ಲಿಪ್ಪು ಬದಲಿಸುವುದು, ಬೋಟಿನ ತಳದಲ್ಲಿ ನೀರು ಬರುವ ತೂತಿನ ಚಿಪ್ಪು ಕೆರೆಯುವುದು... ಯಾವುದೂ ದೊಡ್ಡ ಕೆಲಸವಲ್ಲ, ಯಾವುದನ್ನೂ ಬಿಡುವಂತಿಲ್ಲ.

ನೀರಿನ ಮಟ್ಟಕ್ಕಿಂತ ಕೆಳಗಿರುವ ಕೊಳವೆ ಕಳಚಿದರೆ ಎಂಜಿನು ಮಾತ್ರವಲ್ಲ, ಬೋಟೇ ಮುಳುಗಬಹುದು. ಅದಕ್ಕೇ ಅಲ್ಲಿ ಒಂದೇ ಕ್ಲಿಪ್ಪು ಸಾಲದು, ಎರಡು ಬೇಕು ಎನ್ನುತ್ತಾರೆ ಬಲ್ಲವರು.

ಇದೆಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಯಾವ ದಿನ ಏನು ಬದಲಿಸಿದ್ದು, ಮೀಟರಿನ ಮುಳ್ಳು ಸಾಮಾನ್ಯವಾಗಿ ಎಲ್ಲಿರುತ್ತದೆ. ಡ್ರೈವರ್ ಬದಲಾದರೂ ಎಂಜಿನಿನ ಜಾತಕ ಬೋಟಿನಲ್ಲೇ ಇರುತ್ತದೆ. ಶಾಲೆಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಪುಸ್ತಕ ಬರೆಯುವ ಕೆಲಸ ಅವರದಾಗಲಿ. ಗ್ರಾಫ್ ಎಳೆಯುವುದನ್ನು ಕಲಿತ ಮಕ್ಕಳಿಗೆ ಮುಳ್ಳು ಮೆಲ್ಲಗೆ ಏರುತ್ತಿರುವುದು ಅಪ್ಪನಿಗಿಂತ ಮೊದಲೇ ಕಂಡೀತು!

ಕಲಿಯುವವರಿಗೆ ದಾರಿ

ಬೋಟಿನ ಎಂಜಿನು ಎಂದರೆ ಓದು ತಲೆಗೆ ಹತ್ತದವರ ಕೆಲಸ ಎಂಬ ಭಾವನೆ ಕೆಲವು ಹೆತ್ತವರಲ್ಲಿದೆ. ಮೇಲಿನದನ್ನು ಓದಿದವರು ಹಾಗೆನ್ನಲಾರರು. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿ ಇದೆ. ಕೊಚ್ಚಿಯಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಮೀನುಗಾರಿಕಾ ನೌಕಾ ತರಬೇತಿ ಸಂಸ್ಥೆ, ಸಿಫ್ನೆಟ್, ಹತ್ತನೆಯ ತರಗತಿ ಮುಗಿಸಿದವರಿಗಾಗಿ ಮೆರೈನ್ ಫಿಟ್ಟರ್, ವೆಸೆಲ್ ನ್ಯಾವಿಗೇಟರ್ ತರಬೇತಿಗಳನ್ನು ನಡೆಸುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿದೆ. 1957ರಿಂದ ಮಣಿಪಾಲದಲ್ಲಿ, 1986ರಿಂದ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ನಡೆಯುತ್ತಿದೆ. ಮಲ್ಪೆಯ ಹಡಗು ಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡ ಮೇಲೆ, 2022ರಿಂದ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಅಲ್ಲಿ ಟಗ್ಗುಗಳು, ಹೊರದೇಶಕ್ಕೆ ಹೋಗುವ ಸರಕು ಹಡಗುಗಳು ತಯಾರಾಗುತ್ತಿವೆ. ಕಡಲ ಎಂಜಿನು ಬಲ್ಲವರಿಗೆ ಊರಲ್ಲೇ ಕೆಲಸದ ಬಾಗಿಲಿದೆ.

ಸೇರುವ ಮೊದಲು ಆಯಾ ಸಂಸ್ಥೆಯಿಂದಲೇ ಆ ವರ್ಷದ ಅರ್ಹತೆ, ಅವಧಿ, ವಯಸ್ಸಿನ ನಿಯಮಗಳನ್ನು ಕೇಳಿ ತಿಳಿಯುವುದು ಒಳಿತು.

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ನಿಂತಿದೆ. ಸಂಜೆ ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗುವ ಹೆತ್ತವರು ಬಹಳ. ಕತ್ತಲಾದಂತೆ ದೂರದ ಕಡಲಲ್ಲಿ ಬೋಟುಗಳ ದೀಪ ಸಾಲಾಗಿ ಕಾಣುತ್ತದೆ. ಒಂದೊಂದು ದೀಪದ ಕೆಳಗೂ ಒಂದು ಎಂಜಿನು ದುಡಿಯುತ್ತಿದೆ, ಐದಾರು ಸೆಕೆಂಡಿಗೊಂದು ಕೊಡಪಾನ ಉಪ್ಪುನೀರು ಹೀರಿ ಹೊರಬಿಡುತ್ತಿದೆ. ದೀಪ ದಾರಿ ತೋರಿಸೀತು, ಆದರೆ ಆ ದಾರಿಯಲ್ಲಿ ಮನೆಗೆ ಬರಲು ಎಂಜಿನು ಓಡಬೇಕು. ಅದಕ್ಕೆ ಹೊರಡುವ ಮೊದಲು ಯಾರೋ ಒಬ್ಬರು ಮರೆಯದೆ ಬದಿಗೆ ಬಗ್ಗಿ ಇಣುಕಿರಬೇಕು.